ಚಿಕ್ಕಮ್ಮನ ಟಾರ್ಗೆಟ್ಟು

ಹೊಳೆನರಸೀಪುರದಿಂದ ಅರಕಲಗೂಡಿನವರೆಗೆ ‘ಟಾರ್ಗೆಟ್’ ಎಂಬ ಪದದ ಅರ್ಥ ಸರಿಯಾಗಿ ತಿಳಿದವರು ಒಬ್ಬರೇ, ನಮ್ಮ ಚಿಕ್ಕಮ್ಮ. ಗುರಿ, ಉದ್ದೇಶ ಎಂದೆಲ್ಲ ಬರೆದ ನಿಘಂಟಿನವರು ಒಮ್ಮೆ ನಮ್ಮೂರು ಹಳ್ಳಿಮೈಸೂರಿನ ಬಸ್ಸು ಹತ್ತಿ ಬಂದು ಇವರನ್ನು ಕೇಳಬಾರದಿತ್ತೇ!

ಚಿಕ್ಕಮ್ಮ ಊರಿನ ಹಾಲಿನ ಡೇರಿಯ ಕಾರ್ಯದರ್ಶಿ. ಹಾಸನದಲ್ಲಿ ನಡೆದ ಮೀಟಿಂಗಿನಿಂದ ಉಳಿದವರು ಅಲ್ಲಿ ಕೊಟ್ಟ ಸ್ಟೀಲ್ ಡಬ್ಬಿ ತಂದರೆ, ಇವರು ಈ ಪದವನ್ನು ತಂದರು. ಮರುದಿನದಿಂದ ಎಮ್ಮೆಗೆ ಟಾರ್ಗೆಟ್, ಕೋಳಿಗೆ ಟಾರ್ಗೆಟ್, ಚಿಕ್ಕಪ್ಪನಿಗೆ ದಿನಕ್ಕೆ ಎರಡೇ ಬೀಡಿಯ ಟಾರ್ಗೆಟ್. ಡೇರಿಯಲ್ಲಿ ಟಾರ್ಗೆಟ್ ಮೀರಿದವರಿಗೆ ಹಾರ ಹಾಕುತ್ತಾರಲ್ಲ ಎಂದು ಚಿಕ್ಕಪ್ಪ ಹತ್ತು ಸೇದಿ, ಕತ್ತು ಬಗ್ಗಿಸಿ ನಿಂತರು. ಹಾರದ ಬದಲು ಏನು ಬಿತ್ತೆಂದು ನಾನು ಹೇಳುವುದಿಲ್ಲ.

ನನಗಾಗ ಹತ್ತು ವರ್ಷ. ಮಾತಾಡಿದರೆ ಉಗ್ಗು. ಅಂಗಡಿಯಲ್ಲಿ ಬೆಲ್ಲ ಕೇಳಲು ಹೋಗಿ ಬರಿಗೈಯಲ್ಲಿ ಬಂದದ್ದೂ ಉಂಟು. ಅಂಥವಳಿಗೆ ಟೀಚರ್ ಆಗುವ ಆಸೆ! ನೆಂಟರೆಲ್ಲ ನಕ್ಕರು. ಚಿಕ್ಕಮ್ಮ ನಗಲಿಲ್ಲ.

“ಗುರ್ತಿಲ್ದೋರತ್ರ ದಿನಕ್ಕೊಂದು ಮಾತು. ಅದೇ ನಿನ್ ಟಾರ್ಗೆಟ್ಟು.”

“ಆ… ಆಗ್ದಿದ್ರೆ?”

“ನಾಳಿಕ್ಕೆ ಎಲ್ಡು ಮಾಡ್ಕೊ. ಟಾರ್ಗೆಟ್ಟು ಅಂದ್ರೆ ಮುಟ್ಟೋದಲ್ಲ ಕಣವ್ವ, ಮುಟ್ಟೋಗಂಟ ಬುಡ್ದೇ ಇರೋದು.”

ಬಸ್ಸು ಹತ್ತಿದರೆ, ಹೊಳೆನರಸೀಪುರ ಎಷ್ಟು ಹೊತ್ತಿಗೆ ಬರುತ್ತದೆಂದು ನಾನು ಕಂಡಕ್ಟರನ್ನು ಕೇಳಲೇಬೇಕು. ಕೇಳಿ ಮುಗಿಸುವಷ್ಟರಲ್ಲಿ ಊರೇ ಬಂದಿರುತ್ತಿತ್ತು! ಒಮ್ಮೆ ಕಂಡಕ್ಟರು ಕನಿಕರದಿಂದ, “ನರಸೀಪುರ ತಾನೇ?” ಎಂದು ನನ್ನ ಮಾತು ಮುಗಿಸಿಕೊಟ್ಟರು. ಪಕ್ಕದಲ್ಲೇ ಕೂತಿದ್ದ ಚಿಕ್ಕಮ್ಮ ಎದ್ದು ನಿಂತರು.

“ನಮ್ಮುಡ್ಗಿ ಮಾತ ನೀವ್ಯಾಕೆ ಕಿತ್ಕೊತೀರಾ ಸಾ? ತಡೀರಿ, ಅವ್ಳೇ ಯೋಳ್ತಾಳೆ.”

ಇಡೀ ಬಸ್ಸು ಕಾಯಿತು. ನಾನು ಹೇಳಿದೆ.

ಈಗ ನಾನು ಚನ್ನರಾಯಪಟ್ಟಣದಲ್ಲಿ ಹೈಸ್ಕೂಲ್ ಟೀಚರ್. ಬೆಲ್ಲು ಹೊಡೆದರೂ ಮಿಸ್ಸು ಮಾತು ನಿಲ್ಲಿಸುವುದಿಲ್ಲ ಎಂಬುದೇ ಮಕ್ಕಳ ದೂರು. ಮೊನ್ನೆ ನಮ್ಮೂರಿನವರು, ಊರಿನ ಹುಡುಗಿ ಟೀಚರಾದಳೆಂದು ನನಗೆ ಸನ್ಮಾನ ಇಟ್ಟುಕೊಂಡು, ಚಿಕ್ಕಮ್ಮನನ್ನೂ ವೇದಿಕೆಗೆ ಕರೆದು ಮೈಕು ಕೊಟ್ಟರು. ಡೇರಿಯಲ್ಲಿ ಗಂಡಸರನ್ನೆಲ್ಲ ಸಾಲಾಗಿ ನಿಲ್ಲಿಸುವ ಹೆಂಗಸು ಮೈಕನ್ನು ಹಾಲಿನ ಕ್ಯಾನಿನಂತೆ ಎರಡೂ ಕೈಯಲ್ಲಿ ಅವುಚಿ ನಿಂತರು. ನನ್ನ ಕಡೆ ಬಗ್ಗಿ ಕೇಳಿದರು, “ನಂಗೆ ಏಟು ಮಾತು ಟಾರ್ಗೆಟ್ಟು?”

“ಒಂದೇ ಮಾತು, ಚಿಕ್ಕಮ್ಮ.”

ಚಿಕ್ಕಮ್ಮ ಮೈಕು ಬಾಯಿಗೆ ಹಿಡಿದರು, ಇಳಿಸಿ ಸೆರಗು ಸರಿಮಾಡಿಕೊಂಡರು, ಮತ್ತೆ ಹಿಡಿದರು. ನಿರೂಪಣೆ ಮಾಡುತ್ತಿದ್ದವರು ಪಾಪ, ಸಹಾಯಕ್ಕೆಂದು ಬಾಯಿ ತೆರೆದರು. ನಾನು ಕೈ ಅಡ್ಡ ಹಿಡಿದೆ. “ತಡೀರಿ ಸಾರ್, ಅವರೇ ಹೇಳ್ತಾರೆ.”

ಇಡೀ ಸಭೆ ಕಾಯಿತು.

“ಇವ್ಳು… ನಮ್ಮುಡ್ಗಿ,” ಎಂದ ಚಿಕ್ಕಮ್ಮ ಮೈಕನ್ನು ನನ್ನ ಕೈಗೆ ಕೊಟ್ಟು ಕೂತುಬಿಟ್ಟರು.

ಮೂರು ಹಾಳೆ ಭಾಷಣ ಬರೆದುಕೊಂಡು ಹೋಗಿದ್ದೆ. ಅಂಥವರ ಹುಡುಗಿ ನಾನು ಎಂಬ ಹೆಮ್ಮೆಯಲ್ಲಿ “ನ… ನಮ್ಮ…” ಎಂಬಲ್ಲಿಗೇ ಹಾಳೆಗಳನ್ನು ಮಡಚಿಬಿಟ್ಟೆ. ಚಿಕ್ಕಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಮೆಲ್ಲಗೆ ಅಂದರು:

“ಬುಡವ್ವ, ನಾಳಿಕ್ಕೆ ಎಲ್ಡು ಮಾಡ್ಕೊ.”