ನನ್ನ ಕುದುರೆಗೆ ಬಿಸಿಲು ಬಿದ್ದದ್ದು

ನಾನು ಯಾವ ಕೆಲಸವನ್ನಾದರೂ ಗಂಭೀರವಾಗಿ ಕಲಿಯಲು ಕೂತರೆ ಸಾಕು, ನಗುವವರು ಹುಡುಕಿಕೊಂಡು ಬರುತ್ತಾರೆ. ರಾಯಬಾಗದಲ್ಲಿ ಇಪ್ಪತ್ತು ವರ್ಷ ಅಂಗಡಿಗಳ ಬೋರ್ಡು ಬರೆದವನು ನಾನು. ಬ್ರಷ್ಷಿನ ಕೆಲಸ ಕಡಿಮೆಯಾಗಿ ಎಲ್ಲರೂ ಫ್ಲೆಕ್ಸ್ ಕೇಳತೊಡಗಿದಾಗ ಪರದೆಯ ಮೇಲೆ ಚಿತ್ರ ಬರೆಯಲು ಒಂದು ಟ್ಯಾಬ್ಲೆಟ್ ಕೊಂಡೆ. ನಮ್ಮ ಕಡೆ ಶರ್ಯತ್ತಿನ, ಅಂದರೆ ಓಟದ ಪಂದ್ಯದ, ಬ್ಯಾನರಿಗೂ ಕುದುರೆ ಬೇಕು, ಕುದುರೆ ಏರಿದ ದೇವರು ಮಂಗಸೂಳಿ ಮಲ್ಲಯ್ಯನ ಪಟಕ್ಕೂ ಬೇಕು, ಮದುವೆಯ ಕಮಾನಿಗೂ ಬೇಕು. ಕುದುರೆಯ ಗೆರೆ ಎಳೆಯುವುದು ಕೈಗೆ ಬಂದಿತ್ತು. ಅದರ ಮೈಮೇಲೆ ಬೆಳಕು ಎಲ್ಲಿ ಬೀಳಬೇಕು, ನೆರಳು ಎಲ್ಲಿ ಕೂರಬೇಕು ಎಂಬುದು ಮಾತ್ರ ಬಂದಿರಲಿಲ್ಲ.

ಗಾಳಿ

ಮೊದಲನೇ ಕುದುರೆಗೆ ಅಂಚಿನ ಸುತ್ತಲೂ ಕಪ್ಪು ಹಚ್ಚಿ, ನಡುವೆ ಬೆಳ್ಳಗೆ ಬಿಟ್ಟೆ. ಹಾಗೆ ಮಾಡಿದರೆ ಮೈ ದುಂಡಗೆ ಕಾಣುತ್ತದೆ ಎಂದು ಯಾರೋ ಹೇಳಿದ್ದರು. ದುಂಡಗಂತೂ ಆಯಿತು. ಪಕ್ಕದ ಪಂಕ್ಚರ್ ಅಂಗಡಿಯವನು ಚಹಾ ಕುಡಿಯಲು ಬಂದು, ಕೈ ಒರೆಸಿಕೊಳ್ಳುತ್ತಾ ಬಹಳ ಹೊತ್ತು ನೋಡಿದ.

"ಕುದುರಿ ಚಲೋ ಬಂದೈತ್ರಿ ಪೇಂಟರ್ರ," ಅಂದ.

ನಾನು ಸ್ವಲ್ಪ ಉಬ್ಬಿದೆ.

"ಖರೆ, ಗಾಳಿ ಜಾಸ್ತಿ ಆಗೇತಿ. ಒಂದೀಟು ಇಳಸ್ರಿ. ಬಿಸಲಾಗ ಇಟ್ರ ಒಡೀತೈತಿ."

ಅವನು ನಗಲಿಲ್ಲ. ಕಸುಬಿನವನ ಸಲಹೆ ಅದು.

ನಾಲಗೆ

"ಖರೇ ಕುದುರಿ ನೋಡದ ಹೆಂಗ ನೆರಳ ಹಾಕ್ತೀರಿ?" ಎಂದು ಹೆಂಡತಿ ಕೇಳಿದಳು. ಅದೂ ಸರಿಯೇ. ನಮ್ಮ ಓಣಿಯ ಹಿಂದೆ ಒಬ್ಬ ಚಾಚಾ ಇದ್ದಾರೆ. ಮದುವೆ ಮೆರವಣಿಗೆಗೆಂದು ಒಂದು ಕಂದು ಬಣ್ಣದ ಹೆಣ್ಣು ಕುದುರೆ ಸಾಕಿದ್ದಾರೆ. ನಾನು ಹೋಗಿ ನನ್ನ ಕಷ್ಟ ಹೇಳಿದೆ. ಅವರು ನನ್ನ ಕೈ ಹಿಡಿದು ಬಿಸಿಲಲ್ಲಿ ನಿಂತಿದ್ದ ಕುದುರೆಯ ಹೆಗಲ ಮೇಲೆ ಇಟ್ಟರು.

"ಕಣ್ಣ ಮುಚ್ಚರಿ. ಎಲ್ಲಿ ಕೈಗೆ ಬಿಸಿ ಹತ್ತತೈತಿ ಅಲ್ಲಿ ಬೆಳಕು. ಎಲ್ಲಿ ತಂಪ ಹತ್ತತೈತಿ ಅಲ್ಲಿ ನೆರಳು. ಮುಗೀತ."

ಇಷ್ಟು ಚೆನ್ನಾಗಿ ನನಗೆ ಯಾರೂ ಕಲಿಸಿರಲಿಲ್ಲ. ಅಲ್ಲೇ ಕಲ್ಲಿನ ಮೇಲೆ ಕೂತು, ಟ್ಯಾಬ್ಲೆಟ್ ತೊಡೆಯ ಮೇಲಿಟ್ಟುಕೊಂಡು ಹೊಟ್ಟೆಯ ನೆರಳು, ಕುತ್ತಿಗೆಯ ಮಡಿಕೆ ಎಲ್ಲ ಹಾಕಿದೆ. ಕೊನೆಗೆ ಬೆಳಕಿಗೆಂದು ಬಿಳಿ ಬಣ್ಣ ಆರಿಸಿಕೊಂಡು, ಚಾಚಾ ಕೊಟ್ಟ ಚಹಾ ತೆಗೆದುಕೊಳ್ಳಲು ಆ ಕಡೆ ತಿರುಗಿದೆ. ಕುದುರೆ ಕುತ್ತಿಗೆ ಚಾಚಿ ಪರದೆಯನ್ನು ನೆಕ್ಕಿಬಿಟ್ಟಿತು. ಬೆರಳಿಗೆ ಓಗೊಡುವ ಪರದೆ ನಾಲಗೆಗೂ ಓಗೊಟ್ಟಿತು. ಹೆಗಲಿನಿಂದ ಬಾಲದವರೆಗೆ ಒಂದೇ ಬಿಳಿ ಪಟ್ಟೆ. ಅಳಿಸಲು ಹೋದವನು ಕೈ ತಡೆದೆ. ಬಿಸಿಲು ಬೆನ್ನ ಮೇಲಿಂದ ಜಾರಿದ ಹಾಗಿತ್ತು.

ಮನೆಯಲ್ಲಿ ತೋರಿಸಿದೆ. ಹೆಂಡತಿ ಅತ್ತ ಇತ್ತ ತಿರುಗಿಸಿ ನೋಡಿ ಹೇಳಿದಳು: "ಉಳಿದದ್ದೆಲ್ಲಾ ನೀವ ಮಾಡಿದ್ದು ಅಂತ ಗೊತ್ತಾಗತೈತಿ. ಈ ಬಿಳೇ ಗೆರಿ ಯಾರ ಕಡಿಂದ ಹಾಕಿಸಿದ್ರಿ?"

ಎರಡು ಸೂರ್ಯ

ಕಾಗವಾಡದ ದ್ರಾಕ್ಷಿ ತೋಟದ ಸಾವ್ಕಾರರೊಬ್ಬರ ಕುದುರೆ ಶರ್ಯತ್ತು ಗೆದ್ದಿತ್ತು. ಕುದುರೆಯ ಪಕ್ಕ ತಾವೂ ನಿಂತ ಹಾಗೆ ಬ್ಯಾನರ್ ಬೇಕೆಂದರು. ಕುದುರೆಯನ್ನು ನಾನು ಬರೆದೆ, ಅವರ ಫೋಟೋ ಪಕ್ಕದಲ್ಲಿ ಕೂರಿಸಿದೆ. ಅವರು ಬಂದು ನೋಡಿದರು.

"ನನ್ನ ಮಾರಿಗೆ ಎಡಕಿಂದ ಬಿಸಲು, ಕುದುರಿಗೆ ಬಲಕಿಂದ. ಅಂದ್ರ ನಾ ಮುಂಜಾನಿಂದ ಸಂಜೀತನಕ ಲಗಾಮ ಹಿಡಕೊಂಡ ನಿಂತೀನಿ ಅಂದಂಗಾತು. ತ್ವಾಟ ಯಾರ ನೋಡ್ಯಾರ್ರಿ?"

ತಪ್ಪು ನನ್ನದೇ. "ಒಂದ ನಿಮಿಷರಿ" ಎಂದು ಅವರ ಫೋಟೋವನ್ನೇ ಎಡಬಲ ತಿರುಗಿಸಿಬಿಟ್ಟೆ. ಇಬ್ಬರಿಗೂ ಒಂದೇ ಬಿಸಿಲಾಯಿತು. ಖುಷಿಯಿಂದ ಬ್ಯಾನರ್ ಒಯ್ದರು. ಮೂರನೇ ದಿನ ಫೋನ್ ಬಂತು.

"ಪೇಂಟರ್ರ, ಬೆಳಕು ಬರೋಬ್ಬರಿ ಐತಿ. ಖರೆ ಅಂಗಿ ಖಿಸೆ ಬಲಕ್ಕ ಬಂದೈತಿ, ಬೈತಲಿ ಆ ಕಡೆ ಹೋಗೇತಿ. ನಮ್ಮ ಮನಿಯಾಕಿ ಮಿರಜ ಕಡೇದಾಕಿ. ಬ್ಯಾನರ್ ನೋಡಿ ಮರಾಠಿಯೊಳಗ 'ಹೇ ಕೋಣ?' ಅಂದ್ಲು. 'ಇವರು ಯಾರು' ಅಂತ ಕೇಳಿದ್ದು ಪಾಪ."

"ಆಮ್ಯಾಲರಿ?"

"ಆಮ್ಯಾಲೇನ? ಅಕಿ ಕೇಳಿದ್ದು ಮರಾಠಿಯೊಳಗ, ಅಲ್ಲಿದ್ದ ಮಂದಿ ತಿಳಕೊಂಡಿದ್ದು ಕನ್ನಡದಾಗ."

ಹೊಟ್ಟೆ

ಅಷ್ಟು ಕಲಿಸಿದ ಚಾಚಾನಿಗೆ ಅವರ ಕುದುರೆಯದೇ ಒಂದು ಚಿತ್ರ ಕೊಡೋಣ ಎಂದು ವಾರವಿಡೀ ಕೂತು ಬರೆದೆ. ಪಕ್ಕೆಲುಬಿನ ಒಂದೊಂದು ಏರಿಗೂ ಬೆಳಕು, ಒಂದೊಂದು ಇಳಿತಕ್ಕೂ ನೆರಳು. ಚಾಚಾ ಚಿತ್ರದ ಪಕ್ಕೆಯ ಮೇಲೆ ಬೆರಳಾಡಿಸಿದರು. ಆಮೇಲೆ ಮೆಲ್ಲಗೆ ಹೇಳಿದರು: "ನಾ ಒಮ್ಮೊಮ್ಮೆ ಉಪಾಸ ಇದ್ದೀನಿ, ಖರೆ ಇದನ್ನ ಎಂದೂ ಉಪಾಸ ಕೆಡವಿಲ್ಲ. ಎಲುಬು ಎಣಸೂಹಂಗ ಮಾಡೀರಲ್ಲ."

ನನಗೆ ನಾಚಿಕೆಯಾಯಿತು. ಎಲುಬುಗಳನ್ನೆಲ್ಲ ಅಳಿಸಿ, ಹೊಟ್ಟೆಗೆ ಧಾರಾಳವಾಗಿ ಬೆಳಕು ಸುರಿದು, ಕೆಳಗೆ ದಟ್ಟ ನೆರಳು ಕೊಟ್ಟೆ. ಈ ಸಲ ಚಾಚಾ ಒಪ್ಪಿ, ಮದುವೆಯವರಿಗೆ ಕಾಣಲಿ ಎಂದು ಫ್ಲೆಕ್ಸನ್ನು ಮನೆಯ ಮುಂದಿನ ಗೋಡೆಗೆ ಕಟ್ಟಿದರು.

ಎಂಟು ದಿನಕ್ಕೆ ಅಂಗಡಿಗೆ ಬಂದರು. ಮುಖ ಕೆಂಪಾಗಿತ್ತು. "ಅಥಣಿಯವರೊಬ್ರು ಬಂದು ಮರಿ ಯಾವಾಗ ಹಾಕತೈತಿ, ನಮಗ ಇಡ್ರಿ ಅಂದ್ರು. ಚಿಕ್ಕೋಡಿ ಮದುವಿಯವರು, ಗಬ್ಬದ ಕುದುರಿ ಮ್ಯಾಲ ಮದುಮಗನ್ನ ಕೂಡ್ರಸೂದಿಲ್ಲ ಅಂತ ವಾಪಸ್ ಹ್ವಾದ್ರು. ನಿಮ್ಮ ನೆರಳು ನನ್ನ ಹೊಟ್ಟಿಮ್ಯಾಲ ಬಿತ್ತ ನೋಡ್ರಿ."

ಓಣಿಯವರ ಎದುರಿಗೇ ಸುಳ್ಳೆಂದು ಹೇಳಿಸಿಬಿಡೋಣ ಎಂದು ನಾನೇ ದನದ ಡಾಕ್ಟರರನ್ನು ಕರೆತಂದೆ. ಅವರು ಬಹಳ ಹೊತ್ತು ಪರೀಕ್ಷೆ ಮಾಡಿ, ಕೈ ತೊಳೆದುಕೊಳ್ಳುತ್ತಾ ಹೇಳಿದರು: "ಗಬ್ಬ ಐತ್ರಿ. ನಾಕ ತಿಂಗಳ ದಾಟೇತಿ."

ಚಾಚಾ ಕುದುರೆಯನ್ನು ನೋಡಿದರು, ಗೋಡೆಯನ್ನು ನೋಡಿದರು, ಕೊನೆಗೆ ನನ್ನನ್ನು. "ಹುಟ್ಟಿದಾಗಿಂದ ಕುದುರಿ ಜೋಡಿ ಇದ್ದೀನಿ, ನನಗ ತಿಳೀಲಿಲ್ಲ. ನಿಮಗ ಹೆಂಗ ತಿಳೀತ್ರಿ?"

ಎಲುಬು ಮುಚ್ಚಲು ಹಾಗೆ ಮಾಡಿದೆ ಎಂದು ಹೇಳಬೇಕಿತ್ತು. ಅಷ್ಟು ಜನ ಬಾಯಿ ತೆರೆದು ನಿಂತಿದ್ದರು. "ಬೆಳಕು ಹೇಳತೈತ್ರಿ ಚಾಚಾ," ಅಂದುಬಿಟ್ಟೆ.

ಮರುದಿನ ಮುಂಜಾನೆ ಅಂಗಡಿಗೆ ಹೋದರೆ ಬಾಗಿಲಲ್ಲಿ ಒಬ್ಬ ಮುದುಕಿ ಕಾಯುತ್ತಿದ್ದಳು. ಕೈಯಲ್ಲಿ ಹಗ್ಗ, ಹಗ್ಗದ ಆ ತುದಿಗೆ ಎಮ್ಮೆ.

"ತಮ್ಮಾ, ನಮ್ಮ ಎಮ್ಮಿದೊಂದು ಚಿತ್ರ ತಗದ ಕೊಡು."

"ಬ್ಯಾನರಿಗೇನಬೇ ಆಯಿ?"

"ಬ್ಯಾನರ್ ತಗೊಂಡ ಏನ ಮಾಡ್ಲೆಪಾ. ಗಬ್ಬ ನಿಂತೈತೋ ಇಲ್ಲೋ, ತಗದ ನೋಡಿ ಹೇಳು."