ಅತ್ತೆ ಒಪ್ಪದ ಇಂಗ್ಲಿಷ್ ವರಗಳು

ನಮ್ಮ ಅತ್ತೆ ಈವರೆಗೆ ಹದಿನೇಳು ಮಂದಿ ಇಂಗ್ಲಿಷ್ ಸಿನಿಮಾ ನಾಯಕರನ್ನು ಬೇಡವೆಂದು ಹೇಳಿ ಕಳಿಸಿದ್ದಾಳೆ. ಅವರಲ್ಲಿ ಒಬ್ಬನಿಗೂ ಈ ವಿಷಯ ಗೊತ್ತಿಲ್ಲ. ತಾವು ಕುಲಗೋಡವೆಂಬ ಹಳ್ಳಿಯ ಒಂದು ಪಡಸಾಲೆಯಲ್ಲಿ ವರಪರೀಕ್ಷೆಗೆ ಕೂತಿದ್ದೆವು, ಕೂತು ನಪಾಸಾದೆವು ಎಂದು ತಿಳಿದರೆ ಪಾಪ, ಅವರು ಏನು ಮಾಡಿಕೊಳ್ಳುತ್ತಿದ್ದರೋ! ಹದಿನೇಳು ಎಂಬುದು ಬಾಯಿಗೆ ಬಂದ ಸಂಖ್ಯೆಯಲ್ಲ. ನಾನು ಗೋಕಾಕದಲ್ಲಿ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೆಲಸ ಮಾಡುವವನು. ಅಂಕಿ ತಪ್ಪಿದರೆ ನಮಗೆ ಊಟ ಸೇರುವುದಿಲ್ಲ.

ಅತ್ತೆ ಎಂದರೆ ಅಪ್ಪನ ಅಕ್ಕ. ನಮ್ಮ ಮನೆಯಲ್ಲೇ ಇರುತ್ತಾಳೆ. ಮೊಣಕಾಲು ನೋವು ಶುರುವಾಗುವ ಮೊದಲು ಅವಳಿಗೆ ಒಂದೇ ಉದ್ಯೋಗ: ಗಂಡು ಹೆಣ್ಣು ಕೂಡಿಸುವುದು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲ್ಲೂಕುಗಳಲ್ಲಿ ಅವಳು ಕೂಡಿಸಿದ ಸಂಸಾರಗಳಿವೆ. ಬಸ್ಸಿನಲ್ಲಿ ಹೊರಟರೆ ಪ್ರತಿ ಊರಿನ ಸ್ಟ್ಯಾಂಡಿನಲ್ಲೂ ಯಾರೋ ಒಬ್ಬರು ಕಿಟಕಿಯೊಳಗೆ ಕೈ ಹಾಕಿ ಕೂಸು ತೋರಿಸುತ್ತಿದ್ದರು. ಸಂಬಂಧ ಗೊತ್ತು ಮಾಡುವ ಮುಂಚೆ ಆಕೆ ಮಾಡುತ್ತಿದ್ದ ವಿಚಾರಣೆಯ ಮುಂದೆ ನಮ್ಮ ಕ್ರೈಂ ವರದಿಗಾರರು ಏನೂ ಅಲ್ಲ.

"ಮನಿಯವರನ್ನ ಕೇಳಿದ್ರ ಹೊಗಳ್ತಾರ. ಬಾಜೂದವರನ್ನ ಕೇಳಿದ್ರ ಜಗಳಾ ಹೇಳ್ತಾರ. ಗಿರಣ್ಯಾಗ ಕೇಳು ತಮ್ಮಾ. ಜೋಳದ ಚೀಲ ಗಂಡಸು ಹೊತ್ತು ತರ್ತಾನೋ, ಬಸರಿ ಹೆಂಗಸಿನ ತಲಿ ಮ್ಯಾಲ ಹೊರಿಸಿ ಕಳಸ್ತಾರೋ, ಅಲ್ಲೇ ಎಲ್ಲಾ ತಿಳೀತೈತಿ."

ನಾನು ಪತ್ರಿಕೋದ್ಯಮ ಓದಿದ್ದು ಧಾರವಾಡದಲ್ಲಿ. ಕಲಿತದ್ದು ಇಲ್ಲಿ.

ಇಂಥ ಅತ್ತೆ ಒಂದೇ ಒಂದು ಸಲ ತಪ್ಪಿದಳು. ಅದು ನನ್ನ ತಂಗಿಯ ಮದುವೆಯಲ್ಲಿ. ಹುಡುಗ ಹುಕ್ಕೇರಿ ಕಡೆಯವನು. ಗಿರಣಿಯಲ್ಲಿ ಕೇಳಿದ್ದಾಯಿತು, ಕಟಿಂಗ್ ಅಂಗಡಿಯಲ್ಲಿ ಕೇಳಿದ್ದಾಯಿತು. ನಾನೂ ಇಬ್ಬರು ಪರಿಚಯದವರಿಗೆ ಫೋನು ಹಚ್ಚಿ, "ಎಲ್ಲಾ ಸ್ವಚ್ಛ ಐತಿ" ಎಂದು ವರದಿ ಒಪ್ಪಿಸಿದ್ದೆ. ಮದುವೆಯಾಗಿ ಎರಡು ವರ್ಷಕ್ಕೆ, ಆ ಮಹಾಶಯನಿಗೆ ಮಹಾರಾಷ್ಟ್ರದಲ್ಲಿ ಇನ್ನೊಂದು ಸಂಸಾರ ಇರುವುದು ಗೊತ್ತಾಯಿತು. ಅಲ್ಲಿನ ಗಿರಣಿಗೆ ಅವನು ಚೀಲ ಹೊರುತ್ತಿದ್ದನೋ ಏನೋ, ನಾವು ಕೇಳಿರಲಿಲ್ಲ. ತಂಗಿ ವಿಚ್ಛೇದನದ ಸೋಡಚೀಟಿ ಮಾಡಿಸಿಕೊಂಡು ಮನೆಗೆ ಬಂದಳು. ಮೂಡಲಗಿಯ ಸಾಲೆಯೊಂದರಲ್ಲಿ ವಿಜ್ಞಾನ ಕಲಿಸಲು ಸೇರಿದಳು. ಅವಳು ಯಾರನ್ನೂ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅತ್ತೆ ಮಾತ್ರ ಅಂದಿನಿಂದ ಅಂಗಡಿ ಮುಚ್ಚಿದಳು. ಹೆಣ್ಣು ಗಂಡು ಕೇಳಿಕೊಂಡು ಬಂದವರಿಗೆ ಚಹಾ ಕುಡಿಸಿ, "ನನ್ನ ಕಣ್ಣ ಸುಳ್ಳ ಆಗ್ಯಾವ್ರಿ" ಎಂದು ಕಳಿಸಿಬಿಡುತ್ತಿದ್ದಳು.

ಇಂಗ್ಲಿಷ್ ಸಿನಿಮಾ ಮನೆ ಹೊಕ್ಕದ್ದು ಆಮೇಲೆ. ಭಾನುವಾರ ಮಧ್ಯಾಹ್ನ ತಂಗಿ ತನ್ನ ಮೊಬೈಲನ್ನು ಟಿ.ವಿ.ಗೆ ಜೋಡಿಸಿ, ಕನ್ನಡಕ್ಕೆ ಡಬ್ ಆದ ಹೊರದೇಶದ ಸಿನಿಮಾ, ಧಾರಾವಾಹಿ ನೋಡುತ್ತ ಕೂಡತೊಡಗಿದಳು. ಹುಡುಗಿ ಒಬ್ಬಳೇ ಕೂಡಬಾರದೆಂದು ಅತ್ತೆ ಬಾಜೂಕ್ಕೆ ಕೂತಳು. ಕುರಿಗಾರರ ಓಣಿಯ ಗಂಗವ್ವ, ಅತ್ತೆಯ ಗೆಳತಿ, ಒಂದು ದಿನ ಮಜ್ಜಿಗೆ ಕೇಳಲು ಬಂದವಳು ತಾನೂ ಕೂತಳು. ಮೊದಲೆರಡು ವಾರ ಅತ್ತೆ ಸುಮ್ಮನಿದ್ದಳು. ಮೂರನೆಯ ವಾರ ಹಳೆಯ ಉದ್ಯೋಗ ತಲೆ ಎತ್ತಿತು.

ಆ ದಿನದ ನಾಯಕ ಆಕಾಶದಲ್ಲಿ ಹಾರುವವನು. ಕಟ್ಟಡಗಳನ್ನು ಬೆನ್ನ ಮೇಲೆ ಎತ್ತಿ ಹಿಡಿಯುತ್ತಿದ್ದ.

"ಇಂವಂದು ಕೆಲಸ ಏನು?" ಅತ್ತೆ ಕೇಳಿದಳು.

"ಜಗತ್ತು ಉಳಸ್ತಾನ ಅತ್ತಿ," ಎಂದಳು ತಂಗಿ.

"ಅದು ಊರ ಉಸಾಬರಿ ಆತು. ಕೆಲಸ ಏನು? ಪಗಾರ ಐತೇನು?"

ತಂಗಿ ಉತ್ತರ ಹುಡುಕುತ್ತಿರುವಾಗಲೇ ತೀರ್ಪು ಬಂತು. "ಬ್ಯಾಡ. ಮೈಮ್ಯಾಲ ಎಚ್ಚರ ಇಲ್ದ ಹಾರಾವ ಮನ್ಯಾಗ ನಿಲ್ಲಂಗಿಲ್ಲ."

ಎರಡನೆಯವನು ಪತ್ತೇದಾರ. ಉದ್ದ ಕೋಟು, ಬಾಯಲ್ಲಿ ಸಿಗರೇಟು, ಗೋಡೆಯ ತುಂಬ ಫೋಟೋ ಅಂಟಿಸಿ ಕೆಂಪು ದಾರ ಕಟ್ಟಿದ್ದ. ನನಗಂತೂ ಬಹಳ ಮೆಚ್ಚುಗೆಯಾಯಿತು. ಅತ್ತೆ ಅವನನ್ನು ಎರಡು ತಾಸು ನೋಡಿ, "ಮನಿಗೆ ಯಾವಾಗ ಹೋಗ್ತಾನ ಇಂವ?" ಎಂದಳು. ಆಮೇಲೆ ನನ್ನ ಕಡೆ ಒಮ್ಮೆ ನೋಡಿದಳು. ಡೆಸ್ಕಿನಿಂದ ಯಾವಾಗ ಮನೆಗೆ ಬರುತ್ತೇನೆ ಎಂದು ನನ್ನ ಹೆಂಡತಿಯೂ ಹಾಗೇ ಕೇಳುತ್ತಾಳೆ. ನಾನು ಎದ್ದು ನೀರು ಕುಡಿಯಲು ಹೋದೆ.

ರಕ್ತ ಕುಡಿಯುವ ಒಬ್ಬ ಸುಂದರ ತರುಣನೂ ಬಂದ. ಅವನಿಗೆ ಒಂಬೈನೂರು ವರ್ಷ, ಹುಡುಗಿಗೆ ಹತ್ತೊಂಬತ್ತು. ರಕ್ತದ ಬಗ್ಗೆ ಅತ್ತೆಗೆ ದೊಡ್ಡ ತಕರಾರಿರಲಿಲ್ಲ. "ಕುಡಿಯೂದು ಬಿಡಸಬಹುದು. ವಯಸ್ಸು ಹೆಂಗ ಬಿಡಸ್ತಿ?" ಎಂದಳು.

ದನ ಕಾಯುವ ಕುದುರೆ ಸವಾರರು ಬಂದಾಗ ಮಾತ್ರ ಪಡಸಾಲೆ ಎರಡು ಪಕ್ಷವಾಯಿತು. ಗಂಗವ್ವನಿಗೆ ಅವರನ್ನು ಕಂಡರೆ ಜೀವ. ಕುರಿ ಮಂದೆ ಹಿಂದೆ ನಡೆದು ಬೆಳೆದವಳು. ಟೊಪ್ಪಿಗೆ ಹಾಕಿಕೊಂಡು ಬಯಲಲ್ಲಿ ಮಲಗುವ ಗಂಡಸು ಅವಳಿಗೆ ಸ್ವಂತ ಅಣ್ಣನ ಹಾಗೆ ಕಾಣುತ್ತಿದ್ದ.

"ಯಕ್ಕಾ, ಸುಮ್ಮ ಹೂಂ ಅನ್ನು. ಕಣ್ಣ ಮುಟ್ಟೂತನಕ ದನಾ ಅದಾವು ಇವಂಗ!"

"ಅಷ್ಟ ದನಾ ಅದಾವು, ಒಂದ ದಿನಾ ಸಗಣಿ ಬಳದದ್ದು ನೋಡಿಯೇನು?"

"ಅದನ್ನ ಸಿನಿಮಾದಾಗ ತೋರಸಂಗಿಲ್ಲವಾ."

"ತೋರಸಲಾರದ್ದ ಇರತೈತಿ ಗಂಗಿ, ಸಂಸಾರ ಅಂದ್ರ."

ಗಂಗವ್ವ ಒಂದು ವಾರ ಮಾತು ಬಿಟ್ಟಳು. ಮುಂದಿನ ಭಾನುವಾರ ಸರಿಯಾಗಿ ಎರಡು ಗಂಟೆಗೆ ಬಂದು ಗೋಡೆಗೆ ಒರಗಿ ಕೂತು, "ನಾ ನಿನ್ನ ಮಾತಾಡ್ಸಾಕ ಬಂದಿಲ್ಲ. ಟಿ.ವಿ. ನೋಡಾಕ ಬಂದೇನಿ," ಎಂದಳು. ಅಭಿಮಾನಿ ಬಳಗವೆಂದರೆ ಇದಲ್ಲವೇ?

ಒಂದು ದಿನ ನಾನು ಡೆಸ್ಕಿನಲ್ಲಿ ಪುಟ ಮುಗಿಸುವ ಗಡಿಬಿಡಿಯಲ್ಲಿದ್ದೆ. ಅತ್ತೆಯ ಫೋನು ಬಂತು.

"ತಮ್ಮಾ, ಅಮೇರಿಕಾದಾಗ ನಿಮ್ಮ ಪೇಪರಿನವರು ಯಾರರ ಅದಾರೇನು?"

"ಯಾಕ ಅತ್ತಿ?"

"ಒಬ್ಬ ಡಾಕ್ಟರಂದು ವಿಚಾರ ಮಾಡೂದಿತ್ತು."

ವಿಚಾರಿಸಬೇಕಾದ ಡಾಕ್ಟರು ಒಂದು ಧಾರಾವಾಹಿಯವನು. ಅವನು ನಟ, ಅದು ಕಥೆ ಎಂದು ವಿವರಿಸಿದೆ. ಆಕೆಗೆ ಅದು ಗೊತ್ತಿಲ್ಲವೆಂದಲ್ಲ. "ಕಥ್ಯಾಗಿನ ಮನಶಾಗಾದ್ರೂ ಹಿಂದ ಮುಂದ ಇರಬೇಕಲ್ಲೋ? ಆರು ಭಾಗ ಆದ್ವು, ಅವ್ವ ಅಪ್ಪನ ಹೆಸರ ಎತ್ತವಲ್ಲ. ಶನಿವಾರ ಎಲ್ಲೋ ಹೋಗ್ತಾನ, ಎಲ್ಲಿ ಅಂತ ಹೇಳವಲ್ಲ." ನನ್ನ ಸುತ್ತ ಕೂತವರೆಲ್ಲ ಕಿವಿಗೊಟ್ಟು ನಗುತ್ತಿದ್ದರು. ನಾನು ಫೋನಿಟ್ಟೆ.

ಮೂರು ವಾರಕ್ಕೆ ಧಾರಾವಾಹಿ ಮುಗಿಯಿತು. ಕೊನೆಯ ಭಾಗದಲ್ಲಿ ಗೊತ್ತಾಯಿತು: ಡಾಕ್ಟರನಿಗೆ ಪಕ್ಕದ ಊರಿನಲ್ಲಿ ಇನ್ನೊಬ್ಬ ಹೆಂಡತಿ ಇದ್ದಳು. ಗಂಗವ್ವ ಚಪ್ಪಾಳೆ ತಟ್ಟಿ, "ಯಕ್ಕಾ, ನೀ ಅವತ್ತ ಹೇಳಿದ್ದೆಲ್ಲವಾ!" ಎಂದು ಕೂಗಿದಳು. ತಂಗಿ ನಗಲು ನೋಡಿದಳು. ಅತ್ತೆ ಗೋಡೆ ಹಿಡಿದು ಎದ್ದು ಹಿತ್ತಿಲಿಗೆ ಹೋದಳು. ನಾನು ಹಿಂದೆ ಹೋದಾಗ ತೊಳೆದ ಕೊಡವನ್ನೇ ಮತ್ತೆ ತೊಳೆಯುತ್ತಿದ್ದಳು.

"ಕಥ್ಯಾಗಿಂದು ಹಿಡದ್ನಿ," ಎಂದಳು. "ಖರೇದು ಯಾಕ ಹಿಡೀಲಿಲ್ಲೋ ತಮ್ಮಾ?"

ನಾನು ಇನ್ನೊಂದು ಕೊಡ ಎಳೆದುಕೊಂಡು ತೊಳೆಯತೊಡಗಿದೆ. ತಪ್ಪಿತಸ್ಥರು ಇಬ್ಬರು, ಅವರಲ್ಲಿ ಒಬ್ಬ ನಾನು.

ಇಷ್ಟರಲ್ಲಿ ನಿಜವಾದ ವರ ಒಬ್ಬ ಬಂದ. ಯಮಕನಮರಡಿಯವರು, ತಂಗಿಯ ಸಾಲೆಯಲ್ಲೇ ಗಣಿತದ ಮಾಸ್ತರರು. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವರು ಅಪ್ಪನನ್ನು ಕಂಡು, ತಮಗೆ ಮನಸ್ಸಿದೆ, ನಿಮ್ಮ ಮನೆಯವರು ವಿಚಾರ ಮಾಡಿ ಹೇಳಬೇಕು ಎಂದು ಹೋದರು. ಅಪ್ಪ, "ನಮ್ಮಕ್ಕ ಹೂಂ ಅಂದ್ರ ನಂದೂ ಹೂಂ" ಎಂದುಬಿಟ್ಟ. ನಮ್ಮ ಮನೆಯ ನಿಯಮವೇ ಅದು. ಅತ್ತೆ ಹೂಂ ಎನ್ನಲಿಲ್ಲ. ಉಹೂಂ ಎಂದೂ ಅನ್ನಲಿಲ್ಲ. "ನಾ ಆ ಕೆಲಸಾ ಬಿಟ್ಟೇನಿ" ಎಂದಳು. ಎರಡು ತಿಂಗಳು ಕಳೆಯಿತು. ಮಾಸ್ತರರು ದಿನಾ ಸಾಲೆಯಲ್ಲಿ ತಂಗಿಗೆ ಎದುರಾಗುತ್ತಿದ್ದರು. ಉತ್ತರ ಮಾತ್ರ ಕೇಳುತ್ತಿರಲಿಲ್ಲ. ಎರಡನೆಯ ಮದುವೆಗೆ ನಮ್ಮ ಕಡೆ ಉಡಿಕಿ ಎನ್ನುತ್ತಾರೆ. "ನಮ್ಮಾಗ ಉಡಿಕಿ ಅಂದ್ರ ಒಂದ ದಿನದ ಮಾತು. ನೀ ಏನ ಇಷ್ಟ ಜಗ್ಗಾಕತ್ತಿ?" ಎಂದು ಗಂಗವ್ವ ಗದರಿಸಿದಳು. ಅತ್ತೆ, "ಟಿ.ವಿ. ಹಚ್ಚರಿ" ಎಂದಳು.

ಆ ಭಾನುವಾರದ ಧಾರಾವಾಹಿ ಆರಿಸಿದವಳು ತಂಗಿ. ಸಮುದ್ರದ ದಂಡೆಯ ಒಂದು ಸಣ್ಣ ಊರು. ಹೆಂಡತಿ ಸತ್ತ ಒಬ್ಬ ಬೇಕರಿಯವನು, ಗಂಡನನ್ನು ಬಿಟ್ಟು ಬಂದ ಒಬ್ಬ ಹೆಂಗಸು. ಇದನ್ನೇ ಯಾಕೆ ಹಚ್ಚಿದೆ ಎಂದು ನಾನು ಕೇಳಲಿಲ್ಲ. ಕೆಲವು ಪ್ರಶ್ನೆ ಕೇಳದಿರುವುದೂ ವರದಿಗಾರಿಕೆಯೇ. ಬೇಕರಿಯವನ ತಾಯಿ ಮೊದಲ ಭಾಗದಲ್ಲೇ ಕಾಣಿಸಿಕೊಂಡಳು. ಅವನು ನಸುಕಿನಲ್ಲಿ ಎದ್ದು ಹಿಟ್ಟಿನ ಚೀಲ ತಾನೇ ಹೊತ್ತು ತಂದ, ತಾನೇ ನಾದಿದ. ಶನಿವಾರ ಎಲ್ಲೂ ಹೋಗಲಿಲ್ಲ.

"ಯಕ್ಕಾ," ಗಂಗವ್ವನ ದನಿ ಗೆಲುವಿನಿಂದ ನಡುಗುತ್ತಿತ್ತು, "ಇವನ್ನ ಹೆಂಗ ಬ್ಯಾಡ ಅಂತಿ ಹೇಳು ನೋಡೋಣ!"

ಅತ್ತೆ ಬಹಳ ಹೊತ್ತು ನೋಡಿದಳು. ತಪ್ಪು ಸಿಗಲಿಲ್ಲ. ಸಿಗದಿದ್ದುದರಿಂದಲೇ ಅವಳಿಗೆ ಹೆದರಿಕೆಯಾದಂತಿತ್ತು. ಕೊನೆಗೆ, "ಬಾಳ ಸುಮ್ಮ ಇರ್ತಾನ. ಸುಮ್ಮ ಇರಾವರ ಹೊಟ್ಟ್ಯಾಗ ಏನಿರತೈತೋ ಏನೋ," ಎಂದಳು.

"ಅಂವ ಸುಮ್ಮ ಇರೂದ ಆ ಹುಡುಗಿಗೆ ಸೇರತೈತಿ ಅತ್ತಿ," ಎಂದಳು ತಂಗಿ.

"ಅಕಿಗೇನ ತಿಳೀತೈತಿ?"

"ಅಕಿಗೆ ತಿಳೀದಿದ್ರ ಯಾರಿಗೆ ತಿಳೀಬೇಕು? ಗಿರಣಿಯವಂಗೇನು?"

ಗಂಗವ್ವ ಕಿಸಕ್ಕನೆ ನಕ್ಕು, ತಟ್ಟನೆ ಸೆರಗು ಬಾಯಿಗೆ ಒತ್ತಿಕೊಂಡಳು. ತಂಗಿಯ ಮುಖದಲ್ಲಿ ನಗು ಇರಲಿಲ್ಲ. ಸಿಟ್ಟೂ ಇರಲಿಲ್ಲ.

"ನನ್ನ ಮದುವ್ಯಾಗ ಎಲ್ಲಾರನ್ನೂ ಕೇಳಿದಿ ಅತ್ತಿ. ಗಿರಣ್ಯಾಗ ಕೇಳಿದಿ, ಕಟಿಂಗ ಅಂಗಡ್ಯಾಗ ಕೇಳಿದಿ, ಅಣ್ಣ ಫೋನ್ ಹಚ್ಚಿ ಕೇಳಿದಾ. ನನ್ನ ಒಬ್ಬಾಕಿನ್ನ ಯಾರೂ ಕೇಳಲಿಲ್ಲ."

ಟಿ.ವಿ.ಯಲ್ಲಿ ಬೇಕರಿಯವನೂ ಆ ಹೆಂಗಸೂ ಕಡಲ ದಂಡೆಯಲ್ಲಿ ಬ್ರೆಡ್ಡು ತಿನ್ನುತ್ತಿದ್ದರು. ಅತ್ತೆ ರಿಮೋಟು ತೆಗೆದುಕೊಂಡು, ಯಾವ ಗುಂಡಿಯೋ ಒತ್ತಿ, ಅವರನ್ನು ಅಲ್ಲೇ ನಿಲ್ಲಿಸಿದಳು. ಅದಕ್ಕೆ ಮೊದಲು ಆಕೆ ರಿಮೋಟು ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ.

"ಆವಾಗ ಕೇಳಿದ್ರ ಏನ ಹೇಳ್ತಿದ್ದಿ?"

"ಆವಾಗಿಂದು ಗೊತ್ತಿಲ್ಲ. ಈಗ ಕೇಳಿದ್ರ ಹೇಳ್ತೇನಿ."

ಇಷ್ಟು ಸಂಸಾರ ಕೂಡಿಸಿದ ಹೆಂಗಸು, ಮೂರು ತಾಲ್ಲೂಕುಗಳನ್ನು ಪ್ರಶ್ನೆ ಕೇಳಿಯೇ ಗೆದ್ದವಳು, ಈ ಒಂದು ಪ್ರಶ್ನೆಗೆ ತಡವರಿಸಿದಳು.

"ಯಮಕನಮರಡಿ ಮಾಸ್ತರ... ಮನಸ್ಸೈತೇನವಾ ನಿನಗ?"

"ಮಾತಾಡಿ ನೋಡೂವಷ್ಟು ಐತಿ."

ಗಂಗವ್ವ ಕಣ್ಣು ಒರೆಸಿಕೊಳ್ಳುತ್ತ, "ಆ ಬ್ರೆಡ್ಡಿನಾಂವಂದು ಮುಂದ ಏನಾತು ಹಚ್ಚರಿ," ಎಂದಳು.

ಹೆಣ್ಣು ನೋಡಲು ಗಂಡಿನವರು ಬರುವುದು ನಮ್ಮ ಪದ್ಧತಿ. ಮುಂದಿನ ಭಾನುವಾರ ಅತ್ತೆ ಅದನ್ನು ತಿರುವಿ ಹಾಕಿ, ಹೆಣ್ಣನ್ನು ಕರೆದುಕೊಂಡು ತಾನೇ ಯಮಕನಮರಡಿಗೆ ಹೊರಟಳು. ಗೆಳೆಯನ ಕಾರಿನಲ್ಲಿ ನಾನು ಕರೆದೊಯ್ದೆ. ಮಾಸ್ತರರ ಮನೆ ಹೆದ್ದಾರಿಗೆ ಹತ್ತಿಕೊಂಡೇ ಇದೆ. ಅವರ ತಾಯಿ, "ಒಳಗ ಬರ್ರಿ ಅಕ್ಕಾರ, ಬಿಸಲಾಗ ಯಾಕ?" ಎಂದು ಎರಡೆರಡು ಸಲ ಕರೆದರು. ಅತ್ತೆ ಅಂಗಳದ ಕಲ್ಲಿನ ಮೇಲೆ ಕೂತಳು. "ಇಲ್ಲೇ ಗಾಳಿ ಚಲೋ ಐತ್ರಿ. ಅವರಿಬ್ಬರೂ ಒಳಗ ಮಾತಾಡ್ಲಿ." ಗಾಳಿ ಎಲ್ಲಿತ್ತು? ಬರೀ ಡೀಸೆಲ್ ಹೊಗೆ.

ಹೊಸ ಮನೆಗೆ ಹೋದರೆ ಕಣ್ಣಲ್ಲೇ ಹಿತ್ತಿಲು ಅಳೆಯುವವಳು ಅಂದು ಮನೆಯ ಕಡೆ ಬೆನ್ನು ಮಾಡಿ, ರಸ್ತೆ ನೋಡುತ್ತ ಕೂತಿದ್ದಳು. ಕೈ ಮಾತ್ರ ಸೆರಗಿನ ತುದಿಯನ್ನು ಸುತ್ತುತ್ತ ಬಿಚ್ಚುತ್ತ ಇತ್ತು. ಅರ್ಧ ತಾಸಾಯಿತು. ಒಳಗಿನಿಂದ ಮಾಸ್ತರರ ಮೆಲುದನಿ, ತಂಗಿಯ ಮೆಲುದನಿ. ಆಮೇಲೆ ಇದ್ದಕ್ಕಿದ್ದಂತೆ ತಂಗಿ ನಕ್ಕಳು. ಆ ನಗು ಕೇಳಿ ನನಗೆ ಎಷ್ಟೋ ವರ್ಷವಾಗಿತ್ತು.

ಅತ್ತೆ ನನ್ನ ಮಣಿಕಟ್ಟು ಹಿಡಿದಳು.

"ನಕ್ಕಳೇನೋ?"

"ಹೂಂ ಅತ್ತಿ."

"ಲಾರಿ ಹೋತು, ನನಗ ಸರೀ ಕೇಳಲಿಲ್ಲ," ಎಂದಳು ಅತ್ತೆ. ಹಿಡಿದ ಕೈ ಬಿಡಲಿಲ್ಲ. "ಸುಮ್ಮ ಕುಂದರು. ಇನ್ನೊಮ್ಮೆ ನಗ್ತಾಳ."