ಬೀದರಿನಿಂದ ಚೆಟ್ಟಳ್ಳಿಗೆ ಎರಡು ನಿಮಿಷ

ಸುಮ್ಮನೆ ಆಕಾಶ ನೋಡುತ್ತ ನಿಂತವನನ್ನು ಕಂಡರೆ ಯಾರೂ ಹಾಗೇ ದಾಟಿಹೋಗುವುದಿಲ್ಲ. ಏನಾದರೊಂದು ಕೇಳಿಯೇ ಕೇಳುತ್ತಾರೆ. ನಾನು ಚೆಟ್ಟಳ್ಳಿಯ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್. ಹೆಂಡತಿ ಬೀದರ್ ಕಡೆಯ ಸರ್ಕಾರಿ ಶಾಲೆಯಲ್ಲಿ ಟೀಚರ್. ವರ್ಗಾವಣೆ ಕೇಳುತ್ತಲೇ ಇದ್ದಾಳೆ. ಸೋವಿಯತ್ ಕಾಲದ ಹವಾಮಾನ ಉಪಗ್ರಹವೊಂದು ಕೆಲವು ಸಂಜೆ ಅವಳ ನೆತ್ತಿ ದಾಟಿ, ಎರಡು ನಿಮಿಷದೊಳಗೆ ನನ್ನ ನೆತ್ತಿಗೆ ಬರುತ್ತದೆ. ಮೊಬೈಲಿನಲ್ಲಿ ಸಮಯ ತಿಳಿದುಕೊಂಡು ಇಬ್ಬರೂ ಕಾಯುತ್ತೇವೆ. ಒಟ್ಟಿಗೆ ನೋಡಲು ಸದ್ಯಕ್ಕೆ ನಮಗಿರುವುದು ಅದೊಂದೇ.

ಸಂಬಳ

ಕಾಫಿಗೆ ಹೂಮಳೆ ಬೇಕಾದ ದಿನಗಳು. ಎಸ್ಟೇಟಿನ ಸಾಹುಕಾರರು ಕಾಫಿ ಒಣಗಿಸುವ ಕಣಕ್ಕೆ ಬಂದು, ನಾನು ನೋಡುತ್ತಿದ್ದ ಚುಕ್ಕಿಯತ್ತ ಕೈತೋರಿಸಿ, "ಅದು ಹವಾಮಾನದ್ದಲ್ವಾ ರೈಟರೇ? ಮಳೆ ಯಾವಾಗ ಅಂತ ಹೇಳುತ್ತಾ?" ಎಂದರು.

"ಅದು ಕೆಟ್ಟು ಎಷ್ಟೋ ಕಾಲವಾಯ್ತು ಸಾರ್. ಕಳಿಸಿದ ದೇಶವೇ ಈಗಿಲ್ಲ."

ಸಾಹುಕಾರರು ಪಕ್ಕದಲ್ಲಿದ್ದ ಮೇಸ್ತ್ರಿಯ ಕಡೆ ತಿರುಗಿದರು. "ಕೇಳಿದ್ಯಾ? ಸಂಬಳ ಕೊಡೋರಿಲ್ಲದಿದ್ರೂ ಸುತ್ತುತ್ತಾ ಇದೆ."

"ಸಂಬಳ ಇಲ್ಲ ಅಂತಲೇ ಸಾರ್, ಕೆಲಸ ಬಿಟ್ಟು ಬರೀ ಸುತ್ತುತ್ತಿರೋದು" ಎಂದ ಮೇಸ್ತ್ರಿ.

ಬಸ್ಸು

ಕೆಲಸದವರ ಲೈನ್ ಮನೆಯಲ್ಲಿರುವ ಅಜ್ಜಿಗೆ ಒಂದು ಸಂಜೆ ಆ ಚುಕ್ಕಿ ತೋರಿಸಿದೆ.

"ಒಳಗೆ ಯಾರಿದಾರೆ?"

"ಯಾರೂ ಇಲ್ಲ ಅಜ್ಜಿ."

"ಯಾರೂ ಇಲ್ಲದೆ ಹೇಳಿದ ಟೈಮಿಗೆ ಬಂತಲ್ಲ! ಸುಂಟಿಕೊಪ್ಪದ ಬಸ್ಸಿಂದಲೂ ಆ ಡ್ರೈವರು, ಕಂಡಕ್ಟರು ಇಬ್ಬರನ್ನೂ ಇಳಿಸಿ ನೋಡಬೇಕು."

ಮೋಡ

ಜುಲೈನಲ್ಲಿ ಅವಳ ಫೋನು. "ರೀ, ಇಲ್ಲಿ ದಾಟಿತು. ಕಳಿಸ್ತಾ ಇದೀನಿ, ಹಿಡ್ಕೊಳ್ಳಿ."

ಕೊಡೆ ಹಿಡಿದು ನಿಂತಿದ್ದೆ. "ಇಲ್ಲಿ ಬರೀ ಮೋಡ ಕಣೇ."

"ಮೋಡ ನೋಡೋಕೆ ಅಂತಲೇ ಹೋಗಿದ್ದಲ್ವಾ ಅದು? ಅದಕ್ಕಂತೂ ಬೇಜಾರಿಲ್ಲ ಬಿಡಿ."

ಇಬ್ಬರೂ ನಕ್ಕೆವು. ಆಮೇಲೂ ಯಾರೂ ಫೋನು ಇಡಲಿಲ್ಲ.

ರಜೆ

ದಸರಾ ರಜೆಗೆ ಬಂದಳು. ಆ ಸಂಜೆ ಅಪರೂಪಕ್ಕೆ ಆಕಾಶ ತೊಳೆದಿಟ್ಟಂತಿತ್ತು. ಕಣದಲ್ಲಿ ಲೈನಿನವರೆಲ್ಲ ಸೇರಿದ್ದರು.

"ಬಂತು ಸಾರ್, ಬಂತು! ಅಗೋ, ಸಿಲ್ವರ್ ಮರದ ಮೇಲೆ!" ಮೇಸ್ತ್ರಿ ಕೂಗಿದ.

ಅವಳು ಏನೋ ಹೇಳುತ್ತಿದ್ದಳು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಫೋನಿನಲ್ಲಿ ಅದು ಕಂಡಿರಲಿಲ್ಲ.

ಮೇಸ್ತ್ರಿಗೆ ರೇಗಿತು. "ವರ್ಷವಿಡೀ ಮೇಲೆ ನೋಡಿ ಕತ್ತು ಉಳುಕಿಸ್ಕೊಂಡಿರಿ. ಇವತ್ತು ಇಷ್ಟು ಚೆನ್ನಾಗಿ ಬಂದ್ರೆ ಎತ್ತ ನೋಡ್ತಿದೀರಿ ಸಾರ್? ಹೋಗೇ ಹೋಯ್ತು!"

ಅವಳು ಸೆರಗು ಸರಿಮಾಡಿಕೊಂಡು, "ಹೋಗ್ಲಿ ಬಿಡಿ ಮೇಸ್ತ್ರಿ," ಎಂದಳು. "ಸೋಮವಾರ ಸ್ಕೂಲು ಶುರುವಾದ್ರೆ ಅದನ್ನೇ ನೋಡೋದು ಇದ್ದೇ ಇದೆಯಲ್ಲ."